ನೀಲಗಿರಿಯ ಉಗಿಬಂಡಿ: ಓಡುತ್ತಿದ್ದರೆ ಮಾತ್ರ ಪರಂಪರೆ

ಬೆಂಗಳೂರು, ಮೈಸೂರುಗಳಿಂದ ಬಂಡೀಪುರ-ಗೂಡಲೂರು ಮಾರ್ಗವಾಗಿ ಊಟಿ ತಲುಪುವ ಪ್ರವಾಸಿಗರಲ್ಲಿ ಅನೇಕರು ಅಲ್ಲಿಂದ ಕೂನೂರಿಗೆ ಪುಟ್ಟ ರೈಲಿನಲ್ಲಿ ಹೋಗಿ, ನೀಲಗಿರಿಯ ವಿಖ್ಯಾತ ಉಗಿಬಂಡಿಯಲ್ಲಿ ಪಯಣಿಸಿದ ತೃಪ್ತಿಯಿಂದ ಮನೆಗೆ ಮರಳುತ್ತಾರೆ. ಆದರೆ ಅವರು ಕುಳಿತ ಬೋಗಿಗಳನ್ನು ಎಳೆದದ್ದು ಸಾಮಾನ್ಯವಾಗಿ ಡೀಸೆಲ್ ಎಂಜಿನ್. ನಿಜವಾದ ಉಗಿಯ ಪಯಣ ಇರುವುದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಕೊಯಮತ್ತೂರಿಗೆ ಸಮೀಪದ ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ. ಕರ್ನಾಟಕದಿಂದ ಹೋಗುವವರ ದಾರಿಗೆ ಅದು ಬೀಳುವುದಿಲ್ಲವಾದ್ದರಿಂದ, ಊಟಿಯನ್ನು ಹತ್ತಾರು ಬಾರಿ ಕಂಡವರೂ ಆ ಏರುಹಾದಿಯ ಒಂದು ದಿನದ ಪಯಣವನ್ನು ಕಂಡಿರುವುದಿಲ್ಲ.

ಇದು ಬರೀ ಪ್ರವಾಸಿಗರ ತಿಳಿವಳಿಕೆಯ ಕೊರತೆಯಾಗಿದ್ದರೆ ಚರ್ಚೆಯ ವಿಷಯವಾಗುತ್ತಿರಲಿಲ್ಲ. ಉಗಿಗೂ ಡೀಸೆಲ್‌ಗೂ ವ್ಯತ್ಯಾಸ ಗುರುತಿಸದ ಪ್ರಯಾಣಿಕರೇ ಹೆಚ್ಚೆಂದಾದರೆ, ಅಷ್ಟೊಂದು ಖರ್ಚು ಮಾಡಿ ಉಗಿ ಎಂಜಿನ್ ಓಡಿಸುವುದು ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ರೈಲ್ವೆ ಇಲಾಖೆಯ ಮುಂದೆ ಈಗ ಹೈಡ್ರೋಜನ್ ರೈಲಿನ ಯೋಜನೆ ಇದೆ, ಉಗಿ ಎಂಜಿನ್ನಿನ ಮುಖವಾಡ ತೊಟ್ಟ ವಿದ್ಯುತ್ ಎಂಜಿನ್ನಿನ ಮಾದರಿ ಇದೆ, ದುಬಾರಿ ಬಾಡಿಗೆ ಗಾಡಿಯ ಅನುಭವವೂ ಇದೆ. ಹೀಗಿರುವಾಗ ನೀಲಗಿರಿಯ ಉಗಿಬಂಡಿ ಯಾವ ರೂಪದಲ್ಲಿ, ಯಾರಿಗಾಗಿ ಉಳಿಯಬೇಕು ಎಂಬುದು ಭಾವುಕತೆಯ ಪ್ರಶ್ನೆಯಾಗಿ ಉಳಿದಿಲ್ಲ. ಅದು ಸಾರ್ವಜನಿಕ ನೀತಿಯ ಪ್ರಶ್ನೆ.

ಹದಿನೇಳು ವರ್ಷಗಳ ಸಾಹಸ

ನೀಲಗಿರಿ ಬೆಟ್ಟಕ್ಕೆ ರೈಲು ಹಾಕುವ ಪ್ರಸ್ತಾವ ಮೊದಲು ಕೇಳಿಬಂದದ್ದು 1854ರಲ್ಲಿ. ದುರ್ಗಮ ಭೂಪ್ರದೇಶದ ಕಾರಣದಿಂದ ಕಾಮಗಾರಿ ಆರಂಭವಾಗಲು 1891 ಬರಬೇಕಾಯಿತು. ಕೆಲಸ ಕೈಗೆತ್ತಿಕೊಂಡ ಮೊದಲ ಕಂಪನಿ ನಡುದಾರಿಯಲ್ಲೇ ದಿವಾಳಿಯಾಯಿತು. ಹೊಸ ಕಂಪನಿಯ ಕೈಯಲ್ಲಿ 1899ರಲ್ಲಿ ಕೂನೂರಿನವರೆಗೆ ರೈಲು ಹತ್ತಿತು. 1908ರಲ್ಲಿ ಹಳಿ ಉದಕಮಂಡಲ ಮುಟ್ಟಿತು. ಒಟ್ಟು ಉದ್ದ ಕೇವಲ 46 ಕಿಲೋಮೀಟರ್. ಆದರೆ ಈ ಅಲ್ಪ ದೂರದಲ್ಲಿ ಮೀಟರ್ ಗೇಜ್ ಹಳಿಯು ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರ್ ಎತ್ತರಕ್ಕೆ ಏರುತ್ತದೆ. ದಾರಿಯಲ್ಲಿ 16 ಸುರಂಗಗಳು, 250 ಸೇತುವೆಗಳು, 208 ತಿರುವುಗಳು ಎದುರಾಗುತ್ತವೆ.

ಮಾಮೂಲಿ ಹಳಿಯ ಮೇಲೆ ಉಕ್ಕಿನ ಚಕ್ರ ಜಾರದೆ ಏರಬಲ್ಲ ಇಳಿಜಾರಿಗೆ ಒಂದು ಮಿತಿಯಿದೆ. ಕಲ್ಲಾರ್ ನಿಲ್ದಾಣ ದಾಟಿದ ಮೇಲೆ ನೀಲಗಿರಿಯ ಹಾದಿ ಆ ಮಿತಿಯನ್ನು ಬಹುವಾಗಿ ಮೀರುತ್ತದೆ. ಇಲ್ಲಿನ ಅತಿ ಕಡಿದಾದ ಭಾಗದಲ್ಲಿ ಗಾಡಿ ಸುಮಾರು 12 ಅಡಿ ಮುಂದೆ ಸಾಗುವಷ್ಟರಲ್ಲಿ 1 ಅಡಿ ಮೇಲೇರಬೇಕು. ಆದ್ದರಿಂದಲೇ ಕಲ್ಲಾರ್‌ನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಗಳನ್ನು ಕೂಡಿಸಲಾಗಿದೆ. ಎಂಜಿನ್ನಿನ ಅಡಿಯಲ್ಲಿರುವ ಹಲ್ಲುಗಾಲಿ ಈ ಪಟ್ಟಿಯನ್ನು ಕಚ್ಚಿ ಹಿಡಿದು ಗಾಡಿಯನ್ನು ಮೇಲೇರಿಸುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಈ ಕ್ರಮದಲ್ಲಿ ಪಟ್ಟಿಗಳ ಹಲ್ಲುಗಳನ್ನು ಒಂದಕ್ಕೊಂದು ಸರಿಸಮನಾಗಿ ನಿಲ್ಲಿಸದೆ ಹಿಂದುಮುಂದಾಗಿ ಜೋಡಿಸಿರುವುದರಿಂದ ಹಿಡಿತ ಯಾವ ಕ್ಷಣದಲ್ಲೂ ತಪ್ಪುವುದಿಲ್ಲ.

ಇಲ್ಲಿನ 'ಎಕ್ಸ್' ವರ್ಗದ ಎಂಜಿನ್‌ಗಳು ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಿಂದಲೇ. ಅವುಗಳಿಗೆ ನಾಲ್ಕು ಸಿಲಿಂಡರ್‌ಗಳು. ಸಮತಟ್ಟಾದ ದಾರಿಯಲ್ಲಿ ಎರಡು ಸಿಲಿಂಡರ್‌ಗಳು ಮಾತ್ರ ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಹಲ್ಲುಹಳಿ ಬಂದೊಡನೆ, ಆ ಸಿಲಿಂಡರ್‌ಗಳಲ್ಲಿ ಒಮ್ಮೆ ದುಡಿದ ಉಗಿಯನ್ನು ಹೊರಗೆ ಬಿಡದೆ ಉಳಿದೆರಡಕ್ಕೆ ಹರಿಸಿ, ಹಲ್ಲುಗಾಲಿಗಳನ್ನು ತಿರುಗಿಸಲಾಗುತ್ತದೆ. ಅಂದರೆ ಒಂದೇ ಉಗಿ ಎರಡು ಬಾರಿ ಕೆಲಸ ಮಾಡುತ್ತದೆ. ನೂರು ವರ್ಷಗಳ ಹಿಂದಿನ ಈ ಜಾಣ್ಮೆ ಇಂದಿಗೂ ಪ್ರತಿದಿನದ ಸೇವೆಯಲ್ಲಿ ದುಡಿಯುತ್ತಿದೆ ಎಂಬುದು ಈ ಮಾರ್ಗದ ನಿಜವಾದ ಹಿರಿಮೆ.

ಪಯಣದ ಒಂದು ದಿನ

ಬೆಳಗ್ಗೆ 7 ಗಂಟೆ ದಾಟುತ್ತಿದ್ದಂತೆ ನೀಲಿ ಬಣ್ಣದ ನಾಲ್ಕೈದು ಪುಟ್ಟ ಬೋಗಿಗಳ ಗಾಡಿ ಮೆಟ್ಟುಪಾಳ್ಯಂ ಬಿಡುತ್ತದೆ. ಎಂಜಿನ್ ಮುಂದೆ ಇರುವುದಿಲ್ಲ. ಸದಾ ಇಳಿಜಾರಿನ ಕಡೆಗೆ, ಅಂದರೆ ಏರುವಾಗ ಹಿಂದೆ ನಿಂತು ಬೋಗಿಗಳನ್ನು ತಳ್ಳುತ್ತದೆ. ಕೊಂಡಿ ಕಳಚಿದರೂ ಬೋಗಿಗಳು ಕಣಿವೆಗೆ ಜಾರದಂತೆ ಎಂಜಿನ್ನೇ ತಡೆಗೋಡೆಯಾಗಿ ನಿಲ್ಲಬೇಕೆಂಬುದು ಇದರ ಹಿಂದಿನ ವಿವೇಕ. ಚಾಲಕನಿಗೆ ಮುಂದಿನ ದಾರಿ ನೇರವಾಗಿ ಕಾಣಿಸದ ಕಾರಣ, ಬೋಗಿಗಳ ಮುಂಗಟ್ಟೆಯಲ್ಲಿ ನಿಲ್ಲುವ ಬ್ರೇಕ್ಸ್‌ಮನ್‌ಗಳು ಹಸಿರು, ಕೆಂಪು ಬಾವುಟಗಳ ಮೂಲಕ ಸೂಚನೆ ದಾಟಿಸುತ್ತಾರೆ. ಬ್ರೇಕಿನ ಹಿಡಿಯೂ ಅವರ ಕೈಯಲ್ಲೇ ಇರುತ್ತದೆ.

ಕಲ್ಲಾರ್‌ನ ಅಡಿಕೆ ತೋಟಗಳು ಹಿಂದುಳಿದ ಮೇಲೆ ಗಾಡಿಯ ವೇಗ ಗಂಟೆಗೆ ಸುಮಾರು 13 ಕಿಲೋಮೀಟರಿಗೆ ಇಳಿಯುತ್ತದೆ. ಅಡರ್ಲಿ, ಹಿಲ್‌ಗ್ರೋವ್, ರನ್ನಿಮೀಡ್ ಎಂಬ ಕಾಡಿನ ನಡುವಣ ನಿಲ್ದಾಣಗಳಿವೆ. ನಡುನಡುವೆ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಚಹಾ ಕುಡಿಯುತ್ತಾರೆ. ಕೂನೂರಿನಲ್ಲಿ ಉಗಿ ಎಂಜಿನ್ ಬೇರ್ಪಟ್ಟು ಡೀಸೆಲ್ ಎಂಜಿನ್ ಸೇರಿಕೊಳ್ಳುತ್ತದೆ. ಅಲ್ಲಿಂದಾಚೆ ಹಲ್ಲುಹಳಿ ಇಲ್ಲ. ಸೇನಾ ನೆಲೆಯಾದ ವೆಲ್ಲಿಂಗ್ಟನ್, ಮದ್ದಿನ ಕಾರ್ಖಾನೆಯ ಅರುವಂಕಾಡು, ಕನ್ನಡಕ್ಕೆ ಅತಿ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳ ನಡುವಣ ಕೇತ್ತಿ, ಬಳಿಕ ಲವ್‌ಡೇಲ್ ದಾಟಿ ಮಧ್ಯಾಹ್ನದ ವೇಳೆಗೆ ಗಾಡಿ ಊಟಿ ಸೇರುತ್ತದೆ. ಎರಡು ಗಂಟೆಯ ಸುಮಾರಿಗೆ ಮರುಪಯಣ. ಸಂಜೆಗೆ ಮತ್ತೆ ಮೆಟ್ಟುಪಾಳ್ಯಂ.

46 ಕಿಲೋಮೀಟರ್ ಏರಲು ಐದು ಗಂಟೆಗೆ ತುಸು ಕಡಿಮೆ ಕಾಲ ಬೇಕು. ಬಸ್ಸಿನಲ್ಲಿ ಇದರ ಅರ್ಧ ಹೊತ್ತೂ ಹಿಡಿಯದು. ಸಾರಿಗೆಯ ಲೆಕ್ಕದಲ್ಲಿ ನೋಡಿದರೆ ಈ ಗಾಡಿಯನ್ನು ಎಂದೋ ನಿಲ್ಲಿಸಬೇಕಾಗಿತ್ತು. ಹಾಗಾಗದಿರಲು ಮುಖ್ಯ ಕಾರಣಗಳಲ್ಲೊಂದು 2005ರಲ್ಲಿ ದೊರೆತ ಯುನೆಸ್ಕೊ ಮನ್ನಣೆ.

ಮನ್ನಣೆ ಸಿಕ್ಕಿದ್ದು ಯಾವುದಕ್ಕೆ?

ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನೀಲಗಿರಿ 2005ರಲ್ಲಿ, ಕಾಲ್ಕಾ-ಶಿಮ್ಲಾ 2008ರಲ್ಲಿ ಅದರೊಂದಿಗೆ ಸೇರಿ 'ಭಾರತದ ಪರ್ವತ ರೈಲುಗಳು' ಎಂಬ ಒಂದೇ ತಾಣವಾಯಿತು. ಈ ಮೂರೂ ಮಾರ್ಗಗಳು ಇಂದಿಗೂ ಸಂಪೂರ್ಣವಾಗಿ ಚಾಲನೆಯಲ್ಲಿವೆ ಎಂಬುದನ್ನು ಯುನೆಸ್ಕೊ ವಿಶೇಷವಾಗಿ ಉಲ್ಲೇಖಿಸಿದೆ. ತಂತ್ರಜ್ಞಾನದ ವಿನಿಮಯ ಹಾಗೂ ಒಂದು ಪ್ರದೇಶದ ಸಾಮಾಜಿಕ, ಆರ್ಥಿಕ ಬೆಳವಣಿಗೆಯ ಮೇಲೆ ಸಾರಿಗೆ ಬೀರಿದ ಪ್ರಭಾವ, ಇವು ಮನ್ನಣೆಗೆ ಮುಖ್ಯ ಆಧಾರಗಳು. ಅಂದರೆ ಗೌರವ ಸಂದಿರುವುದು ಹಳೆಯ ಯಂತ್ರವೊಂದಕ್ಕಲ್ಲ. ಜನರನ್ನು ಹೊತ್ತು ದಿನವೂ ಬೆಟ್ಟ ಏರುವ ಒಂದು ವ್ಯವಸ್ಥೆಗೆ.

ಈ ವ್ಯತ್ಯಾಸ ಮುಖ್ಯವಾದದ್ದು. ಏಕೆಂದರೆ ನೀಲಗಿರಿಯಲ್ಲಿ ಓಡುತ್ತಿರುವ ಎಂಜಿನ್‌ಗಳೆಲ್ಲವೂ ಸ್ವಿಟ್ಜರ್ಲೆಂಡಿನಿಂದ ಬಂದವುಗಳಲ್ಲ. ಕಲ್ಲಿದ್ದಲಿನ ಗುಣಮಟ್ಟ ಕುಸಿದದ್ದು, ಕಿಡಿಯಿಂದ ಕಾಡ್ಗಿಚ್ಚು ಹತ್ತುವ ಭೀತಿ ಮುಂತಾದ ಕಾರಣಗಳಿಂದ ಈ ಶತಮಾನದ ಆರಂಭದಲ್ಲಿ ಕೆಲವು ಎಂಜಿನ್‌ಗಳ ಒಲೆಯನ್ನು ತೈಲದಿಂದ ಉರಿಯುವಂತೆ ಮಾರ್ಪಡಿಸಲಾಯಿತು. ಬಳಿಕ 2011ರಿಂದ 2014ರ ಅವಧಿಯಲ್ಲಿ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಯಾಗಾರ, ಅಂದರೆ ಗೋಲ್ಡನ್ ರಾಕ್ ವರ್ಕ್‌ಶಾಪ್, ಅದೇ ವಿನ್ಯಾಸದ ನಾಲ್ಕು ಹೊಸ ಎಂಜಿನ್‌ಗಳನ್ನು ತಯಾರಿಸಿತು. ಅವು ತೈಲದಿಂದ ಓಡುವಂಥವು. 2021ರಲ್ಲಿ ಅದೇ ಕಾರ್ಯಾಗಾರದಿಂದ ಕಲ್ಲಿದ್ದಲಿನಿಂದಲೇ ಓಡುವ ಹೊಸ ಎಂಜಿನ್ ಹೊರಬಂತು.

ಭಾರತದಲ್ಲಿ ಉಗಿ ಎಂಜಿನ್ ತಯಾರಿಕೆ ನಿಂತದ್ದು 1972ರಲ್ಲಿ ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿಯುತ್ತದೆ. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನಿಗೆ 'ಅಂತಿಮ ಸಿತಾರಾ' ಎಂದು ಹೆಸರಿಟ್ಟು 1970ರಲ್ಲಿ ಬೀಳ್ಕೊಟ್ಟಿತ್ತು; ಎರಡು ವರ್ಷಗಳ ಬಳಿಕ ಮೀಟರ್ ಗೇಜ್ ಎಂಜಿನ್ನಿನ ಸರದಿಯೂ ಮುಗಿಯಿತು. ಸುಮಾರು ನಾಲ್ಕು ದಶಕಗಳ ನಂತರ, ಒಂದು ಕಾರ್ಯಾಗಾರದ ಕೆಲಸಗಾರರು ಹಳೆಯ ನಕ್ಷೆ ಮತ್ತು ಹಳೆಯ ಎಂಜಿನ್‌ಗಳ ಅನುಭವವನ್ನು ಆಧರಿಸಿ ಮತ್ತೆ ಸಿಲಿಂಡರ್, ಹಲ್ಲುಗಾಲಿಗಳನ್ನು ರೂಪಿಸಿದರು.

ಹೊಸದಾಗಿ ಮಾಡಿದ ಎಂಜಿನ್ ಪರಂಪರೆಯೇ ಎಂದು ಶುದ್ಧವಾದಿಗಳು ಕೇಳಬಹುದು. ದೇವಾಲಯದ ಸವೆದ ಕಲ್ಲನ್ನು ತೆಗೆದು ಅದೇ ಅಳತೆಯ ಕಲ್ಲನ್ನು ಕೂರಿಸುವ ಶಿಲ್ಪಿಗೂ ಇದೇ ಪ್ರಶ್ನೆ ಹಾಕಬಹುದು. ಉಗಿ ಎಂಜಿನ್ನಿನ ಬಾಯ್ಲರ್, ಕೊಳವೆಗಳು, ಚಕ್ರದ ಪಟ್ಟಿಗಳು ಸವೆಯುವಂಥವು. ಅವನ್ನು ಬದಲಿಸುತ್ತಲೇ ಅದು ಬದುಕಿದೆ. ಉಳಿಯಬೇಕಾದದ್ದು ಲೋಹದ ಮೂಲ ತುಂಡಿಗಿಂತ ಹೆಚ್ಚಾಗಿ ಅದನ್ನು ಮಾಡುವ, ಓಡಿಸುವ, ದುರಸ್ತಿ ಮಾಡುವ ವಿದ್ಯೆ. ಆ ವಿದ್ಯೆ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ಒಬ್ಬ ಫೈರ್‌ಮನ್ ಇನ್ನೊಬ್ಬನಿಗೆ, ಒಬ್ಬ ಫಿಟ್ಟರ್ ಇನ್ನೊಬ್ಬನಿಗೆ ಕೆಲಸದ ನಡುವೆ ಕಲಿಸಿದಾಗ ಮಾತ್ರ ಮುಂದಿನ ತಲೆಮಾರಿಗೆ ದಾಟುತ್ತದೆ.

ಹೈಡ್ರೋಜನ್ ಮತ್ತು ಮುಖವಾಡ

ಈ ಹಿನ್ನೆಲೆಯಲ್ಲೇ ರೈಲ್ವೆಯ 'ಪರಂಪರೆಗಾಗಿ ಹೈಡ್ರೋಜನ್' ಯೋಜನೆಯನ್ನು ನೋಡಬೇಕಾಗುತ್ತದೆ. ಪರಂಪರೆಯ ಹಾಗೂ ಬೆಟ್ಟದ ಮಾರ್ಗಗಳಲ್ಲಿ 35 ಹೈಡ್ರೋಜನ್ ರೈಲುಗಳನ್ನು ಓಡಿಸುವ ಉದ್ದೇಶವನ್ನು ಸರ್ಕಾರ 2023ರಲ್ಲಿ ಸಂಸತ್ತಿಗೆ ತಿಳಿಸಿತು. ಒಂದು ರೈಲಿಗೆ ಸುಮಾರು 80 ಕೋಟಿ ರೂಪಾಯಿ, ಪ್ರತಿ ಮಾರ್ಗದ ಮೂಲಸೌಕರ್ಯಕ್ಕೆ 70 ಕೋಟಿ ರೂಪಾಯಿ ಎಂಬುದು ಅಂದಿನ ಅಂದಾಜು. ಆ ಸಂದರ್ಭದಲ್ಲಿ ಕೇಳಿಬಂದ ಮಾರ್ಗಗಳಲ್ಲಿ ಕಾಲ್ಕಾ-ಶಿಮ್ಲಾ, ಡಾರ್ಜಿಲಿಂಗ್‌ಗಳ ಜತೆ ನೀಲಗಿರಿಯ ಹೆಸರೂ ಇತ್ತು. ಮೊದಲ ಪ್ರಯೋಗಕ್ಕೆ ಆಯ್ಕೆಯಾದದ್ದು ಮಾತ್ರ ಹರಿಯಾಣದ ಬಯಲುಸೀಮೆಯ ಜೀಂದ್-ಸೋನಿಪತ್ ಮಾರ್ಗ.

ಬೆಟ್ಟದ ಗಾಳಿಯನ್ನು ಕೆಡಿಸದ ರೈಲು ಬೇಕೆಂಬ ಆಶಯವನ್ನು ಯಾರೂ ತಳ್ಳಿಹಾಕಲಾರರು. ಊಟಿ-ಕೂನೂರು ನಡುವಣ ಡೀಸೆಲ್ ಗಾಡಿಗಳಿಗೆ ಪರ್ಯಾಯವಾಗಿ ಹೈಡ್ರೋಜನ್ ಬರುವುದಾದರೆ ಅದನ್ನು ಸ್ವಾಗತಿಸಬಹುದು. ಆದರೆ ದಿನಕ್ಕೊಂದು ಬಾರಿ ಏರಿ ಇಳಿಯುವ ಉಗಿ ಗಾಡಿಯ ಹೊಗೆಯೇ ನೀಲಗಿರಿಯ ಸಮಸ್ಯೆ ಎನ್ನುವುದು ವಾಸ್ತವಕ್ಕೆ ದೂರ. ಬೆಟ್ಟಕ್ಕೆ ಭಾರವಾಗಿರುವುದು ರಸ್ತೆಯ ವಾಹನಗಳು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಲ್ಲಿ ನೀಲಗಿರಿ ಪ್ರವೇಶಕ್ಕೆ ಇ-ಪಾಸ್ ಜಾರಿಗೆ ಬಂತು. 2025ರ ಬೇಸಿಗೆಗೆ ಪ್ರವಾಸಿ ವಾಹನಗಳ ಸಂಖ್ಯೆಯನ್ನು ವಾರದ ದಿನಗಳಲ್ಲಿ 6,000 ಮತ್ತು ವಾರಾಂತ್ಯದಲ್ಲಿ 8,000ಕ್ಕೆ ಮಿತಿಗೊಳಿಸಲಾಯಿತು. ಇಷ್ಟು ವಾಹನಗಳ ಎದುರು ಒಂದು ಉಗಿ ಎಂಜಿನ್ನಿನ ಹೊಗೆ ಎಷ್ಟರದು?

ಇನ್ನೊಂದು ಮಾದರಿ ಗುಜರಾತಿನದು. ಏಕತಾ ನಗರ-ಅಹಮದಾಬಾದ್ ನಡುವಣ 'ಹೆರಿಟೇಜ್' ರೈಲಿಗೆ 2023ರ ಅಕ್ಟೋಬರ್ 31ರಂದು ಚಾಲನೆ ದೊರೆಯಿತು. ಅದರ ಎಂಜಿನ್ ನೋಡಲು ಉಗಿ ಎಂಜಿನ್, ಓಡುವುದು ವಿದ್ಯುತ್ತಿನಿಂದ. ಸುಸಜ್ಜಿತ ಬೋಗಿಯಲ್ಲಿ ಕುಳಿತು ಒಂದು ದಿನ ಕಳೆಯಬಯಸುವ ಪ್ರವಾಸಿಗೆ ಇದರಿಂದ ನಷ್ಟವೇನೂ ಇಲ್ಲ. ಪ್ರವಾಸೋದ್ಯಮದ ಉತ್ಪನ್ನವಾಗಿ ಅದು ಯಶಸ್ವಿಯೂ ಆಗಬಹುದು. ಆದರೆ ಅದನ್ನು ಪರಂಪರೆ ಎಂದು ಕರೆದಾಗ ಪದದ ಅರ್ಥ ಬದಲಾಗುತ್ತದೆ. ನಾಳೆ ನೀಲಗಿರಿಯಲ್ಲೂ ಇದೇ ಸಾಕು ಎಂದು ಯಾರಾದರೂ ವಾದಿಸಿದರೆ, ಊಟಿ-ಕೂನೂರಿನ ಡೀಸೆಲ್ ಗಾಡಿಯನ್ನೇ ಉಗಿಬಂಡಿ ಎಂದು ನಂಬಿದ ಪ್ರವಾಸಿಯನ್ನು ಅವರು ಸಾಕ್ಷಿಯಾಗಿ ತೋರಿಸಬಲ್ಲರು.

ಟಿಕೆಟ್ ಯಾರ ಕೈಗೆಟುಕಬೇಕು?

ಹಣದ ಪ್ರಶ್ನೆಯನ್ನು ಬದಿಗಿಟ್ಟು ಈ ಚರ್ಚೆ ಪೂರ್ಣವಾಗದು. ಪುಟ್ಟ ಬೋಗಿಗಳು, ದಿನಕ್ಕೊಂದೇ ಉಗಿ ಗಾಡಿ, ಅದಕ್ಕಾಗಿಯೇ ಬೇಕಾದ ವಿಶೇಷ ಸಿಬ್ಬಂದಿ ಮತ್ತು ಬಿಡಿಭಾಗಗಳು, ಮಳೆಗಾಲದ ದುರಸ್ತಿ ಇವೆಲ್ಲದರ ವೆಚ್ಚವನ್ನು ಟಿಕೆಟ್ ಹಣ ತುಂಬಿಕೊಡಲಾರದು. 2018ರ ಅಕ್ಟೋಬರ್‌ನಲ್ಲಿ ದರವನ್ನು ಗಣನೀಯವಾಗಿ ಏರಿಸಲಾಯಿತು. ಅಲ್ಲಿಯವರೆಗೆ ಅತಿ ಅಗ್ಗವಾಗಿದ್ದ ಈ ಪಯಣ ದುಬಾರಿಯಾಯಿತೆಂಬ ಅಸಮಾಧಾನ ಆಗ ಕೇಳಿಬಂತು.

ಕೋವಿಡ್ ಕಾರಣದಿಂದ ಮಾಮೂಲಿ ಸೇವೆ ನಿಂತಿದ್ದಾಗ, 2020ರ ಡಿಸೆಂಬರ್‌ನಲ್ಲಿ ಖಾಸಗಿ ಸಂಸ್ಥೆಯೊಂದು ಗಾಡಿಯನ್ನು ಬಾಡಿಗೆಗೆ ಪಡೆದು ಸುಮಾರು 3,000 ರೂಪಾಯಿ ದರದಲ್ಲಿ ಪ್ರವಾಸಿಗರನ್ನು ಕರೆದೊಯ್ದಿತು. ನೀಲಗಿರಿ ರೈಲು ಖಾಸಗಿಯವರ ಪಾಲಾಯಿತೆಂಬ ಕೂಗು ತಮಿಳುನಾಡಿನಲ್ಲಿ ಎದ್ದಿತು. ಇದು ಯಾರು ಬೇಕಾದರೂ ಪಡೆಯಬಹುದಾದ ಬಾಡಿಗೆ ಗಾಡಿಯಷ್ಟೇ, ಮಾಮೂಲಿ ಸೇವೆ ಆರಂಭವಾದಾಗ ಹಳೆಯ ದರವೇ ಇರುತ್ತದೆ ಎಂದು ರೈಲ್ವೆ ಸ್ಪಷ್ಟನೆ ನೀಡಿತು. ಮಾಮೂಲಿ ಸೇವೆ ಮುಂದೆ ಮರಳಿಯೂ ಬಂತು. ಆದರೂ ಆ ಗಲಾಟೆ ಒಂದು ವಿಷಯವನ್ನು ಬಯಲಿಗೆ ತಂದಿತು. ಸಾರ್ವಜನಿಕರು ಈ ಗಾಡಿಯನ್ನು ಮನರಂಜನೆಯ ವಾಹನವಾಗಿ ಕಾಣುತ್ತಿಲ್ಲ. ತಮ್ಮ ರೈಲು ಎಂದು ಭಾವಿಸಿದ್ದಾರೆ.

ಬಾಡಿಗೆ ಗಾಡಿಗಳನ್ನು ವಿರೋಧಿಸಬೇಕಾದ ಅಗತ್ಯವಿಲ್ಲ. ವಿದೇಶಿ ರೈಲುಪ್ರಿಯರು ವಿಶೇಷ ಗಾಡಿಗೆ ಕೈತುಂಬ ಹಣ ಕೊಡಲು ಸಿದ್ಧರಿದ್ದಾರೆ. ಆ ಹಣ ಬರಲಿ. ಅದು ಪೊನ್ಮಲೈ ಕಾರ್ಯಾಗಾರದ ಮತ್ತು ಕೂನೂರು ಶೆಡ್ಡಿನ ಖರ್ಚಿಗೆ ಸಂದಾಯವಾಗುವಂತಿದ್ದರೆ ಸಾಮಾನ್ಯ ಪ್ರಯಾಣಿಕನ ಮೇಲಿನ ಹೊರೆ ತಗ್ಗುತ್ತದೆ. ಆದರೆ ಬಾಡಿಗೆ ಗಾಡಿ ದಿನದ ಗಾಡಿಗೆ ಪೂರಕವಾಗಿರಬೇಕೇ ಹೊರತು ಅದರ ಜಾಗವನ್ನು ಆಕ್ರಮಿಸಬಾರದು. ದಿನದ ಗಾಡಿ ನಿಂತು ವರ್ಷಕ್ಕೆ ಕೆಲವೇ ವಿಶೇಷ ಗಾಡಿಗಳು ಉಳಿದರೆ ಚಾಲಕರಿಗೂ ಬ್ರೇಕ್ಸ್‌ಮನ್‌ಗಳಿಗೂ ಅಭ್ಯಾಸ ತಪ್ಪುತ್ತದೆ.

'ಫೇರಿ ಕ್ವೀನ್' ಹೇಳುವ ಪಾಠ

ಅಭ್ಯಾಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೆಹಲಿಯಲ್ಲಿದೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ 'ಫೇರಿ ಕ್ವೀನ್' ಎಂಜಿನ್ 1997ರಲ್ಲಿ ಮತ್ತೆ ಹಳಿಗಿಳಿದು ದೆಹಲಿ ಕಂಟೋನ್ಮೆಂಟ್-ಆಳ್ವಾರ್ ಪ್ರವಾಸಿ ಗಾಡಿಯನ್ನು ಎಳೆಯಿತು. ನಿಯಮಿತವಾಗಿ ಓಡುತ್ತಿರುವ ಜಗತ್ತಿನ ಅತಿ ಹಳೆಯ ಎಂಜಿನ್ ಎಂದು ಮರುವರ್ಷ ಗಿನ್ನೆಸ್ ದಾಖಲೆ ಸೇರಿತು. ಮುಂದೆ ಓಡಾಟ ನಿಂತಿತು, ಬಿಡಿಭಾಗಗಳು ಕಳುವಾದವು. ಮರಳಿ ಸಜ್ಜುಗೊಳಿಸಿ ದೆಹಲಿ-ರೇವಾರಿ ಮಾರ್ಗಕ್ಕೆ ತರುವ ಹೊತ್ತಿಗೆ 2017 ಆಗಿತ್ತು. 1893ರಲ್ಲಿ ಸ್ಥಾಪನೆಯಾದ ರೇವಾರಿಯ ಶೆಡ್ಡಿನಲ್ಲಿ 'ಅಕ್ಬರ್', 'ಆಜಾದ್' ಮುಂತಾದ ಹೆಸರಿನ ಎಂಜಿನ್‌ಗಳಿವೆ. ಅವು ವಿಶೇಷ ಸಂದರ್ಭಗಳಲ್ಲಿ, ಸಿನಿಮಾ ಚಿತ್ರೀಕರಣಗಳಲ್ಲಿ ಓಡುತ್ತವೆ. ದಿನನಿತ್ಯದ ಸಾರ್ವಜನಿಕ ಸೇವೆಯ ಆಸರೆಯಿಲ್ಲದ ಎಂಜಿನ್‌ಗಳ ಭವಿಷ್ಯ ಆಯಾ ಕಾಲದ ಅಧಿಕಾರಿಗಳ ಆಸಕ್ತಿಯನ್ನು ಅವಲಂಬಿಸಿರುತ್ತದೆ.

ಉಗಿಬಂಡಿಯ ತವರಾದ ಬ್ರಿಟನ್ನಿನ ಅನುಭವ ಬೇರೆ ಬಗೆಯದು. ಅಲ್ಲಿನ ರಾಷ್ಟ್ರೀಯ ರೈಲ್ವೆ 1968ರ ಆಗಸ್ಟ್ 11ರಂದು ಕೊನೆಯ ಉಗಿ ಗಾಡಿಯನ್ನು ಓಡಿಸಿತು. ಬಳಿಕ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್‌ಗಳಿಗೆ ಹೇರಿದ್ದ ನಿಷೇಧ 1971ರಲ್ಲಿ ಸಡಿಲವಾಯಿತು. ಅಲ್ಲಿಂದೀಚೆಗೆ ಒಂದು ದಿನದ ಉಗಿ ಪಯಣ ದೊಡ್ಡ ಹವ್ಯಾಸವಾಗಿ, ಉದ್ಯಮವಾಗಿ ಬೆಳೆದಿದೆ. ಸಾರ್ವಜನಿಕರ ದೇಣಿಗೆಯಿಂದ 'ಟೊರ್ನಾಡೊ' ಎಂಬ ಹೊಚ್ಚ ಹೊಸ ಎಂಜಿನ್ 2008ರಲ್ಲಿ ಸಿದ್ಧವಾಯಿತು. 1923ರ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' 42 ಲಕ್ಷ ಪೌಂಡ್ ವೆಚ್ಚದ ದುರಸ್ತಿಯ ಬಳಿಕ 2016ರಲ್ಲಿ ಹಳಿಗೆ ಮರಳಿತು. ಸ್ವಯಂಸೇವಕರ ಪಡೆ ಮತ್ತು ದೇಣಿಗೆಯ ಸಂಸ್ಕೃತಿ ಅಲ್ಲಿನ ಬಲ. ಭಾರತದಲ್ಲಿ ಆ ಹೊಣೆಯನ್ನು ಬಹುಮಟ್ಟಿಗೆ ಸರ್ಕಾರಿ ರೈಲ್ವೆಯೊಂದೇ ಹೊತ್ತಿದೆ.

ಸುರಕ್ಷತೆಗೆ ವಿನಾಯಿತಿ ಇಲ್ಲ

ಬ್ರಿಟನ್ನಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ, ಅದು ಕಹಿಯಾದದ್ದು. 2015ರ ಮಾರ್ಚ್ 7ರಂದು ವುಟನ್ ಬ್ಯಾಸೆಟ್ ಜಂಕ್ಷನ್ ಬಳಿ ಉಗಿ ಎಂಜಿನ್ ಎಳೆಯುತ್ತಿದ್ದ ಪ್ರವಾಸಿ ಗಾಡಿಯೊಂದು ಕೆಂಪು ದೀಪವನ್ನು ದಾಟಿ ಜಂಕ್ಷನ್ನಿನಲ್ಲಿ ನಿಂತಿತು. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಹಿಂದೆ ಅದೇ ಜಂಕ್ಷನ್ನನ್ನು ವೇಗದ ಪ್ರಯಾಣಿಕ ರೈಲು ದಾಟಿಹೋಗಿತ್ತು. ಎಂಜಿನ್ನಿನಲ್ಲಿದ್ದ ಸುರಕ್ಷತಾ ಸಾಧನವನ್ನು ಸಿಬ್ಬಂದಿಯೇ ನಿಷ್ಕ್ರಿಯಗೊಳಿಸಿದ್ದರೆಂಬುದು ತನಿಖೆಯಿಂದ ಹೊರಬಿತ್ತು. ಗಾಡಿ ನಡೆಸುತ್ತಿದ್ದ ವೆಸ್ಟ್ ಕೋಸ್ಟ್ ರೈಲ್ವೇಸ್ ಕಂಪನಿಗೆ ನ್ಯಾಯಾಲಯ 2016ರಲ್ಲಿ 2 ಲಕ್ಷ ಪೌಂಡ್ ದಂಡ ವಿಧಿಸಿತು.

ಇದೇ ಕಂಪನಿ ಸ್ಕಾಟ್ಲೆಂಡಿನಲ್ಲಿ 'ಜಾಕೊಬೈಟ್' ಎಂಬ ಉಗಿ ಗಾಡಿಯನ್ನು ನಡೆಸುತ್ತದೆ. ಹ್ಯಾರಿ ಪಾಟರ್ ಚಿತ್ರಗಳ ಮೂಲಕ ಪ್ರಸಿದ್ಧವಾದ ಗ್ಲೆನ್‌ಫಿನ್ನನ್ ಸೇತುವೆಯನ್ನು ದಾಟುವ ಗಾಡಿ ಅದು. ಕೈಯಿಂದ ತೆರೆಯುವ ಬಾಗಿಲುಗಳ ಹಳೆಯ ಬೋಗಿಗಳಿಗೆ ಕೇಂದ್ರೀಕೃತ ಬೀಗದ ವ್ಯವಸ್ಥೆ ಅಳವಡಿಸಬೇಕೆಂದು ಅಲ್ಲಿನ ರೈಲು ನಿಯಂತ್ರಣ ಸಂಸ್ಥೆ ಪಟ್ಟು ಹಿಡಿಯಿತು. ವೆಚ್ಚ ಭರಿಸಲಾಗದು, ವಿನಾಯಿತಿ ಮುಂದುವರಿಯಲಿ ಎಂದು ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ಅರ್ಜಿಯನ್ನು ತಿರಸ್ಕರಿಸಿತು. 2024ರ ಮಾರ್ಚ್ ಕೊನೆಯಲ್ಲಿ ಗಾಡಿ ನಿಂತು, ಏಪ್ರಿಲ್‌ನಲ್ಲಿ ಬೀಗವುಳ್ಳ ಬೋಗಿಗಳೊಂದಿಗೆ ಸೀಮಿತವಾಗಿ ಪುನರಾರಂಭವಾಯಿತು. ಹಳೆಯದೆಂಬ ಒಂದೇ ಕಾರಣಕ್ಕೆ ಪ್ರಯಾಣಿಕನ ಜೀವಕ್ಕೆ ಎರಡನೆಯ ಸ್ಥಾನ ನೀಡಲಾಗದು ಎಂಬುದು ಈ ಪ್ರಕರಣದ ಸಾರ.

ನೀಲಗಿರಿಯಲ್ಲಿ ಅಪಾಯದ ಸ್ವರೂಪ ಬೇರೆ. ಗಾಡಿ ನಿಧಾನ, ಎದುರಿನಿಂದ ವೇಗದ ರೈಲು ಬರುವ ಭಯವಿಲ್ಲ. ಇಲ್ಲಿನ ಶತ್ರು ಮಳೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಗುಡ್ಡ ಕುಸಿದು ಬಂಡೆ, ಮರಗಳು ಹಳಿಯ ಮೇಲೆ ಉರುಳುವುದು, ಹಲವು ದಿನ ಸೇವೆ ರದ್ದಾಗುವುದು ವರ್ಷವರ್ಷದ ಸುದ್ದಿ. 2009ರ ನವೆಂಬರ್‌ನ ಮಹಾ ಕುಸಿತ ಜಿಲ್ಲೆಯಲ್ಲಿ ಹಲವು ಜೀವಗಳನ್ನು ಬಲಿ ಪಡೆದುದಲ್ಲದೆ ರೈಲು ಮಾರ್ಗವನ್ನೂ ಜರ್ಝರಿತಗೊಳಿಸಿತು. ಹೀಗೆ ಗಾಡಿ ರದ್ದಾದಾಗ ಪ್ರವಾಸಿಗರು ನಿರಾಶರಾಗುತ್ತಾರೆ, ಆದರೆ ಆ ರದ್ದತಿಯೇ ಜವಾಬ್ದಾರಿಯ ಲಕ್ಷಣ. ಇಳಿಜಾರುಗಳ ಭದ್ರತೆ, ಚರಂಡಿಗಳ ನಿರ್ವಹಣೆ, ಹಳಿ ಕಾಯುವ ಗ್ಯಾಂಗ್‌ಮನ್‌ಗಳ ಸಂಖ್ಯೆ ಇವುಗಳಿಗೆ ಮಾಡುವ ಖರ್ಚು ಪ್ರಚಾರ ತರುವಂಥದ್ದಲ್ಲ. ಮಾರ್ಗದ ಅಳಿವು ಉಳಿವು ಮಾತ್ರ ಅದರಲ್ಲೇ ಅಡಗಿದೆ.

ಕರ್ನಾಟಕಕ್ಕೆ ಉಳಿದದ್ದು

ಮೀಟರ್ ಗೇಜ್ ಮತ್ತು ನ್ಯಾರೋಗೇಜ್ ಹಳಿಗಳ ದಟ್ಟ ಜಾಲವಿದ್ದ ಹಳೆಯ ಮೈಸೂರು ಸೀಮೆಯಲ್ಲಿ ಇಂದು ಉಗಿ ಎಂಜಿನ್ನಿನ ನಿಯಮಿತ ಸೇವೆ ಒಂದೂ ಉಳಿದಿಲ್ಲ. ದೆಹಲಿಯ ಬಳಿಕ ದೇಶದ ಎರಡನೆಯ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಮಹಾರಾಣಿಯವರ 1899ರ ಸಲೂನ್ ಬೋಗಿ ಅಲ್ಲಿದೆ. 2020ರಲ್ಲಿ ಹುಬ್ಬಳ್ಳಿಯೂ ಒಂದು ಸಂಗ್ರಹಾಲಯವನ್ನು ಪಡೆಯಿತು. ಬೆಂಗಳೂರು-ಚಿಕ್ಕಬಳ್ಳಾಪುರ ಮಾರ್ಗದ ದೇವನಹಳ್ಳಿ, ನಂದಿ ಮುಂತಾದೆಡೆ ನೂರು ವರ್ಷ ದಾಟಿದ ಪುಟ್ಟ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆ ರೈಲ್ವೆಯೊಂದಿಗೆ ಕೈಜೋಡಿಸಿತು. ಇವೆಲ್ಲ ಸ್ತುತ್ಯರ್ಹ ಕೆಲಸಗಳು. ಆದರೆ ಸಂಗ್ರಹಾಲಯದ ಅಂಗಳದಲ್ಲಿ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನಿನ ಮೇಲೆ ಮಕ್ಕಳು ಹತ್ತಿ ಇಳಿಯಬಹುದು. ಅದರ ಬಾಯ್ಲರಿನ ಬಿಸಿಯನ್ನು, ಉಸಿರನ್ನು ಅರಿಯಲಾರರು. ಅದನ್ನು ಓಡಿಸಬಲ್ಲವರ ತಲೆಮಾರು ಇಲ್ಲಿ ಬಹುತೇಕ ಮುಗಿದಿದೆ. ಒಮ್ಮೆ ಕಡಿದುಹೋದ ಆ ಕೊಂಡಿಯನ್ನು ಮರಳಿ ಕೂಡಿಸುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲ ಕಾರಣಕ್ಕಾದರೂ, ಕನ್ನಡಿಗರು ನೆರೆಯ ಬೆಟ್ಟದಲ್ಲಿ ಉಳಿದಿರುವುದರ ಬಗ್ಗೆ ಕಾಳಜಿ ವಹಿಸಬೇಕು.

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಮೆಟ್ಟುಪಾಳ್ಯಂ-ಕೂನೂರು ನಡುವಣ ದಿನದ ಉಗಿ ಗಾಡಿಯನ್ನು ಯಾವ ಹೊಸ ತಂತ್ರಜ್ಞಾನದ ಹೆಸರಿನಲ್ಲೂ ಕೈಬಿಡುವುದಿಲ್ಲ ಎಂಬ ನೀತಿಯನ್ನು ರೈಲ್ವೆ ಸ್ಪಷ್ಟವಾಗಿ ಘೋಷಿಸಬೇಕು. ಪೊನ್ಮಲೈ, ಕೂನೂರುಗಳಲ್ಲಿ ಉಗಿ ಎಂಜಿನ್ನಿನ ಕೆಲಸಕ್ಕೆ ಹೊಸಬರನ್ನು ಸೇರಿಸಿಕೊಂಡು, ನಿವೃತ್ತರಾಗುವವರ ಕೈಕೆಳಗೆ ಸಾಕಷ್ಟು ಕಾಲ ತರಬೇತಿ ಕೊಡಬೇಕು. ಬಾಡಿಗೆ ಗಾಡಿಗಳ ಆದಾಯ ಎಷ್ಟು, ಅದು ಎಲ್ಲಿ ಖರ್ಚಾಯಿತು ಎಂಬ ಲೆಕ್ಕ ಜನರ ಮುಂದಿರಬೇಕು. ದರ ಏರಿದರೂ ಸ್ಥಳೀಯರಿಗೆ, ವಿದ್ಯಾರ್ಥಿಗಳಿಗೆ ಕೈಗೆಟುಕುವ ಕೆಲವು ಆಸನಗಳು ಇರಬೇಕು. ಕೂನೂರಿನಿಂದ ಊಟಿಗೆ ಓಡುವ ಗಾಡಿ ಯಾವ ಎಂಜಿನ್ನಿನದೆಂದು ಟಿಕೆಟ್ಟಿನಲ್ಲೇ ಸ್ಪಷ್ಟಪಡಿಸುವುದು ಕೂಡ ಪ್ರಾಮಾಣಿಕತೆಯ ಒಂದು ಭಾಗ.

ಪ್ರವಾಸಿಯ ಪಾಲಿನ ಹೊಣೆಯೂ ಇದೆ. ಕಾರಿನಲ್ಲಿ ಬೆಟ್ಟ ಹತ್ತಿ, ಮೇಲಿನ ಅರ್ಧದಾರಿಯಲ್ಲಿ ಅರ್ಧ ತಾಸು ಗಾಡಿ ಏರಿ, ಚಿತ್ರ ತೆಗೆದುಕೊಂಡು ಇಳಿಯುವ ಬದಲು ಕೊಯಮತ್ತೂರಿನವರೆಗೆ ರೈಲಿನಲ್ಲಿ ಹೋಗಿ, ಮೆಟ್ಟುಪಾಳ್ಯಂನಲ್ಲಿ ಬೆಳಗಿನ ಗಾಡಿ ಹಿಡಿದು ಒಂದು ಇಡೀ ದಿನವನ್ನು ಅದಕ್ಕೆ ಮೀಸಲಿಟ್ಟರೆ, ಇ-ಪಾಸಿನ ಸಾಲಿನಲ್ಲಿ ಒಂದು ವಾಹನ ಕಡಿಮೆಯಾಗುತ್ತದೆ. ಉಗಿ ಗಾಡಿಗೆ ಬೇಡಿಕೆಯಿದೆ ಎಂಬ ದಾಖಲೆಯೂ ಉಳಿಯುತ್ತದೆ. ಮುಂಗಡ ಕಾಯ್ದಿರಿಸುವಿಕೆ ಬೇಗ ಮುಗಿಯುವುದರಿಂದ ಮೊದಲೇ ಯೋಚಿಸುವುದು ಅಗತ್ಯ.

ಕಲ್ಲಾರ್ ದಾಟಿ ಹಲ್ಲುಗಾಲಿ ಹಲ್ಲುಹಳಿಯನ್ನು ಕಚ್ಚಿದಾಗ ಬೋಗಿಯ ಅಡಿಯಿಂದ ಏಳುವ ಸಪ್ಪಳ 1899ರಿಂದ ಈ ಕಣಿವೆಯಲ್ಲಿ ಕೇಳಿಬರುತ್ತಿದೆ. ಅದನ್ನು ಧ್ವನಿಮುದ್ರಿಸಿ ಹೊಸ ಎಂಜಿನ್ನಿನ ಸ್ಪೀಕರಿನಲ್ಲಿ ಹಾಕುವುದು ಸುಲಭ, ಅಗ್ಗವೂ ಹೌದು. ಆದರೆ ಆ ಸಪ್ಪಳಕ್ಕೆ ಕಾರಣವಾದ ಕೈಗಳು ಅಷ್ಟರೊಳಗೆ ಕೆಲಸ ಬಿಟ್ಟಿರುತ್ತವೆ. ಅವುಗಳನ್ನು ಉಳಿಸಿಕೊಳ್ಳಲು ಈಗ ತಗಲುವ ವೆಚ್ಚ, ಮುಂದೊಮ್ಮೆ ಹುಡುಕಲು ಹೊರಟಾಗ ತಗಲುವ ವೆಚ್ಚಕ್ಕಿಂತ ಖಂಡಿತವಾಗಿಯೂ ಕಡಿಮೆ.